'ಖಾಸಗಿ ಕೀಲಿ' ಅಂದರೆ ಜನರಿಗೆ ಏನು ಅರ್ಥವಾಗುತ್ತದೆ?

ಗೆಳೆಯರೇ, ನಮಸ್ಕಾರ.

ನಾನು ಬೆಂಗಳೂರಿನ ಜಯನಗರದಲ್ಲಿ ಒಂದು ಆಡಿಟರ್ ಆಫೀಸಿನಲ್ಲಿ ಕೆಲಸ ಮಾಡುತ್ತೇನೆ. ನಮ್ಮಲ್ಲಿಗೆ ಬರುವ ಅಂಗಡಿಯವರು, ಸಣ್ಣ ಕಂಪನಿಯವರಿಗಾಗಿ ಡಿಜಿಟಲ್ ಸಹಿಯ (ಕಂಪ್ಯೂಟರಿನಲ್ಲಿರುವ ಕಡತಕ್ಕೆ ಹಾಕುವ ಸಹಿ) ಬಗ್ಗೆ ಕನ್ನಡದಲ್ಲಿ ಒಂದು ಪುಟ ಬರೆಯುತ್ತಿದ್ದೇನೆ. 'ಪಬ್ಲಿಕ್ ಕೀ', 'ಪ್ರೈವೇಟ್ ಕೀ' ಹತ್ತಿರ ಬಂದು ನಿಂತುಬಿಟ್ಟಿದ್ದೇನೆ. ನಿಮ್ಮ ಸಹಾಯ ಬೇಕು.

ಎಲ್ಲ ಕಡೆ ಕಾಣುವುದು 'ಸಾರ್ವಜನಿಕ ಕೀಲಿ', 'ಖಾಸಗಿ ಕೀಲಿ'. ನಾನೂ ಮೊದಲು ಹಾಗೇ ಬರೆದೆ. ಕರಡು ಓದಿದ ಒಬ್ಬ ಅಂಗಡಿಯವರು, "ಮೇಡಂ, ನಮಗೆ ಸರ್ಕಾರದ್ದೇ ಕೊಡಿಸಿ, ಖಾಸಗಿ ಬೇಡ" ಎಂದರು. ಅವರದೇನೂ ತಪ್ಪಿಲ್ಲ. ಖಾಸಗಿ ಬಸ್ಸು, ಖಾಸಗಿ ಶಾಲೆ ಅನ್ನುವಾಗ ಆ ಪದಕ್ಕೆ ಇರುವುದು ಅದೇ ಅರ್ಥ ಅಲ್ವಾ? ಬೇರೆ ಯಾರ ಕೈಗೂ ಸಿಗಬಾರದ್ದು ಅನ್ನುವ ಅರ್ಥ ಅದರಲ್ಲಿ ಅವರಿಗೆ ಕೇಳಿಸಲೇ ಇಲ್ಲ.

'ಕೀಲಿ'ಯದು ಇನ್ನೊಂದು ತೊಡಕು. ನಾವು ಬೀಗ, ಬೀಗದ ಕೈ ಅನ್ನುತ್ತೇವೆ. ಧಾರವಾಡದ ಕಡೆ ಬೀಗಕ್ಕೇ ಕೀಲಿ ಅನ್ನುತ್ತಾರೆ. ತೆಗೆಯುವುದು ಕೀಲಿಕೈ. ಹುಬ್ಬಳ್ಳಿಯ ನಮ್ಮ ಸಹೋದ್ಯೋಗಿಗೆ 'ಸಾರ್ವಜನಿಕ ಕೀಲಿ' ಅಂದರೆ ಊರಿಗೆಲ್ಲ ಸೇರಿದ ಬೀಗ! ನಿಜ ಹೇಳಬೇಕೆಂದರೆ ಸಹಿಯ ಕೆಲಸದಲ್ಲಿ ಈ ಎರಡೂ ಏನನ್ನೂ ಮುಚ್ಚುವುದಿಲ್ಲ, ತೆರೆಯುವುದಿಲ್ಲ. ಕಡತದಿಂದ ಲೆಕ್ಕಹಾಕಿ ಒಂದು ಚಿಕ್ಕ ಗುರುತು ತೆಗೆಯುತ್ತಾರೆ. ಗುಟ್ಟಾಗಿ ಇಟ್ಟುಕೊಳ್ಳುವ 'ಪ್ರೈವೇಟ್ ಕೀ'ಯಿಂದ ಅದಕ್ಕೆ ಸಹಿ ಬೀಳುತ್ತದೆ. ಅದರ ಜೋಡಿಯಾದ 'ಪಬ್ಲಿಕ್ ಕೀ' ಹಿಡಿದು ಯಾರು ಬೇಕಾದರೂ ಆ ಸಹಿಯನ್ನು ತಾಳೆ ನೋಡಬಹುದು. ಕಡತದಲ್ಲಿ ಒಂದು ಅಂಕೆ ಬದಲಾಗಿದ್ದರೂ ತಾಳೆ ಆಗುವುದಿಲ್ಲ.

ಹಾಗಾಗಿ ಈಗ 'ಸಹಿ ಕೀಲಿ', 'ತಾಳೆ ಕೀಲಿ' ಎಂದು ಬರೆದಿದ್ದೇನೆ. ಮೊದಲನೆಯದರ ಮೇಲೆ ನನಗೆ ಜಾಸ್ತಿ ಭರವಸೆ. ಯಾಕೆಂದರೆ ಆ ಕೀಲಿ ಇರುವ ಡಾಂಗಲ್ಲನ್ನು (ಪೆನ್‌ಡ್ರೈವ್‌ನಂಥ ಸಾಧನ) ಜನ ಪಿನ್ ಸಮೇತ ಆಡಿಟರ್ ಡ್ರಾಯರಿನಲ್ಲೇ ಬಿಟ್ಟುಹೋಗುತ್ತಾರೆ. ಬರೀ ಸಹಿ ಹಾಕಿದ ಖಾಲಿ ಕಾಗದ ಬಿಟ್ಟುಹೋಗಿ ಅಂದರೆ ಯಾರೂ ಒಪ್ಪುವುದಿಲ್ಲ. ಇದೂ ಅಂಥದ್ದೇ. 2000ರ ಮಾಹಿತಿ ತಂತ್ರಜ್ಞಾನ ಕಾಯ್ದೆಯ 42ನೇ ಕಲಮಿನ ಪ್ರಕಾರ ಆ ಕೀಲಿಯನ್ನು ತನ್ನ ಹಿಡಿತದಲ್ಲಿ ಇಟ್ಟುಕೊಳ್ಳುವ ಹೊಣೆ ಸಹಿದಾರರದು. ಕೀಲಿ ಬೇರೆಯವರ ಪಾಲಾಯಿತು ಎಂದು ತಿಳಿಸುವವರೆಗೂ ಅವರೇ ಜವಾಬ್ದಾರರು. 'ಸಹಿ ಕೀಲಿ' ಅಂದರೆ ಇದು ಕೂಡಲೇ ಮನಸ್ಸಿಗೆ ನಾಟುತ್ತದೆ ಅನ್ನಿಸುತ್ತದೆ.

'ತಾಳೆ ಕೀಲಿ' ಬಗ್ಗೆ ಅನುಮಾನವಿದೆ. ಸುಮ್ನೆ ಓದಿದರೆ ತಾಳೆ ಮರ ನೆನಪಾಗಬಹುದು. ಒರೆಗಲ್ಲು ಇದೆಯಲ್ಲ, ಅದರಿಂದ 'ಒರೆ ಕೀಲಿ' ಮಾಡಬಹುದೇ? ಕೇಳಲು ಚೆನ್ನಾಗಿದೆ. ಆದರೆ ಅಂಗಡಿಯಲ್ಲಿ ಯಾರಾದರೂ ಲೆಕ್ಕವನ್ನು ಒರೆಗೆ ಹಚ್ಚುತ್ತಾರೆಯೇ? ತಾಳೆ ನೋಡುತ್ತಾರೆ.

ಕೊನೆಯದಾಗಿ, 'ಪ್ರಮಾಣೀಕರಣ ಪ್ರಾಧಿಕಾರ'. ಈ ತಾಳೆ ಕೀಲಿ ಇಂಥವರದೇ ಎಂದು ಹೇಳುವ ಸಂಸ್ಥೆ ಇದು. ನಮ್ಮ ಬೆಂಗಳೂರಿನ ಇಮುದ್ರಾ, ಸರ್ಕಾರದ ಸಿ-ಡ್ಯಾಕ್ ಇಂಥವು. ಇವಕ್ಕೆ ಪರವಾನಗಿ ಕೊಡುವವರು ಕೇಂದ್ರ ಸರ್ಕಾರ ನೇಮಿಸಿದ ನಿಯಂತ್ರಕರು. ಪರವಾನಗಿಯ ಅವಧಿ 5 ವರ್ಷ. ಸಂಸ್ಥೆಯ ಕೀಲಿ ನಿಜವೆಂದು ನಿಯಂತ್ರಕರ ಮೂಲ ಕೀಲಿ ಸಹಿ ಹಾಕುತ್ತದೆ, ನಮ್ಮ ಕೀಲಿ ನಿಜವೆಂದು ಸಂಸ್ಥೆ ಸಹಿ ಹಾಕುತ್ತದೆ. ಸಬ್‌ರಿಜಿಸ್ಟ್ರಾರ್ ಕಚೇರಿಯಲ್ಲಿ "ಇವರನ್ನು ನಾನು ಬಲ್ಲೆ" ಎಂದು ಗುರುತಿಸುವ ಸಾಕ್ಷಿಗಳಿರುತ್ತಾರಲ್ಲ, ಹೆಚ್ಚುಕಡಿಮೆ ಆ ಕೆಲಸ. 'ಜಾಮೀನು' ಅನ್ನಲು ಹೋಗಿ ಕೈಬಿಟ್ಟೆ. ಸಹಿ ಹಾಕಿದವರ ಸಾಲಕ್ಕೆ ಈ ಸಂಸ್ಥೆ ಹೊಣೆಯಲ್ಲ. 'ಗುರುತು ಸಾಕ್ಷಿ ಸಂಸ್ಥೆ' ಅನ್ನಬಹುದೇ? ಕಾಯ್ದೆಯ ಪದವನ್ನೂ ಒಮ್ಮೆ ಪಕ್ಕದಲ್ಲಿ ಕೊಡುತ್ತೇನೆ.

ಧಾರವಾಡ, ಕಲಬುರಗಿ, ಮಂಗಳೂರಿನ ಕಡೆಯವರು ದಯವಿಟ್ಟು ಹೇಳಿ: ನಿಮ್ಮಲ್ಲಿ 'ತಾಳೆ ನೋಡು' ಬಳಕೆಯಲ್ಲಿದೆಯೇ? ಇಲ್ಲದಿದ್ದರೆ ರಸೀದಿ, ಲೆಕ್ಕದ ಪುಸ್ತಕ ಎರಡನ್ನೂ ಪಕ್ಕಪಕ್ಕ ಇಟ್ಟು ಸರಿ ನೋಡುವುದಕ್ಕೆ ಏನನ್ನುತ್ತೀರಿ?