ರೂಸ್‌ಬ್ರೂಕ್‌ಗಿಂತ ಮೊದಲು ಡಚ್‌ನಲ್ಲಿ ಬರೆದ ಅನುಭಾವಿಗಳು ಯಾರು?

ಕಾಡುದಾರಿ:
ಕ್ರೈಸ್ತ ಅನುಭಾವಿ ಯಾನ್ ವಾನ್ ರೂಸ್‌ಬ್ರೂಕ್ (1293–1381) ಬರೆದ ‘ಆಧ್ಯಾತ್ಮಿಕ ಮದುವೆ’ಯನ್ನು ಇಂಗ್ಲಿಷ್ ಅನುವಾದದಲ್ಲಿ ಓದುತ್ತಿದ್ದೇನೆ. ಆತನ ಮೇಲಿನ ಪ್ರಭಾವದ ಮಾತು ಬಂದಾಗಲೆಲ್ಲ ಹಳೆಯ ಸಂತರಾದ ಅಗಸ್ಟೀನ್, ಬರ್ನಾರ್ಡ್ ಅಂತಾರೆ. ಅವರದ್ದೆಲ್ಲ ಲ್ಯಾಟಿನ್. ಡಚ್‌ನಲ್ಲೇ ಬರೆದ ಹಿರಿಯರು ಯಾರೂ ಇರಲಿಲ್ವಾ?

ಹಳೇಹಾಳೆ:
ಇದ್ದರು, ಇಬ್ಬರು ಹೆಂಗಸರು. ಒಬ್ಬರು ನಜರೆತ್ ಮಠದ ಬೆಯಾಟ್ರೈಸ್. ದೇವರ ಪ್ರೀತಿಯ ಏಳು ಬಗೆಗಳ ಮೇಲೆ ಚಿಕ್ಕ ಪುಸ್ತಕ ಬರೆದು 1268ರಲ್ಲಿ ತೀರಿಕೊಂಡರು. ಇನ್ನೊಬ್ಬರು 13ನೇ ಶತಮಾನದ ಹಾಡೆವೈಖ್. ನನ್ನ ಮಟ್ಟಿಗೆ ಹಾಡೆವೈಖ್ ಅವರೇ ಮುಖ್ಯ.

ಆಕೆಯ 18ನೇ ಪತ್ರ ಓದಿ. ಆತ್ಮದ ನೋಟಕ್ಕೆ ಎರಡು ಕಣ್ಣು, ಒಂದು ಬುದ್ಧಿ, ಒಂದು ಪ್ರೀತಿ ಅನ್ನುತ್ತಾಳೆ. ದೇವರು ಏನಲ್ಲ ಅನ್ನುವುದಷ್ಟೇ ಬುದ್ಧಿಗೆ ಕಾಣುತ್ತದೆ. ದೇವರು ಏನೋ ಅದನ್ನು ಮುಟ್ಟುವ ತನಕ ಪ್ರೀತಿಗೆ ನೆಮ್ಮದಿಯಿಲ್ಲ. ಈ ಭಾಗ ಬರ್ನಾರ್ಡ್‌ನ ಗೆಳೆಯ, ಸೇಂಟ್ ಥಿಯರಿಯ ವಿಲಿಯಂನ ಲ್ಯಾಟಿನ್ ಪುಸ್ತಕದಿಂದ ಹೆಚ್ಚುಕಡಿಮೆ ಹಾಗೇ ಬಂದದ್ದು. ಆದರೆ ಅದೇ ಪತ್ರದಲ್ಲಿ ಆಕೆಯದೇ ದನಿಯೂ ಇದೆ: ಆತ್ಮ ದೇವರು ಹಾದುಹೋಗುವ ದಾರಿ, ದೇವರು ಆತ್ಮ ಹಾದುಹೋಗುವ ದಾರಿ. ಎರಡೂ ಕಡೆಯಿಂದ ನಡಿಗೆ! ಇಷ್ಟು ಧೈರ್ಯದ ಮಾತನ್ನು ನಾನು ಬೇರೆಲ್ಲೂ ಓದಿಲ್ಲ.

ಕಾಡುದಾರಿ:
ರೂಸ್‌ಬ್ರೂಕ್ ಇದನ್ನೆಲ್ಲ ಓದಿದ್ದ ಅನ್ನೋದಕ್ಕೆ ಆಧಾರ ಇದೆಯಾ? ಆಕೆಯ ಹೆಸರು ಎಲ್ಲೂ ಸಿಗಲಿಲ್ಲ.

ಹಳೇಹಾಳೆ:
ಆತ ಹೆಸರು ಹೇಳುವುದಿಲ್ಲ, ನಿಜ. ಆದರೆ 1343ರಲ್ಲಿ ಬ್ರಸೆಲ್ಸ್ ಬಿಟ್ಟು ಸೋನಿಯನ್ ಕಾಡಿನ ಗ್ರೂನೆಂಡಾಲ್‌ಗೆ ಹೋದನಲ್ಲ, ಅಲ್ಲಿ ಯಾನ್ ವಾನ್ ಲೇವೆನ್ ಅಂತ ಒಬ್ಬ ಅಡುಗೆಯವನಿದ್ದ. ಅವನೂ ಪುಸ್ತಕ ಬರೆದ. ಅದರಲ್ಲಿ ಹಾಡೆವೈಖ್‌ಳ ಹೆಸರು ಹಿಡಿದು ಹೊಗಳಿದ್ದಾನೆ. ಮಠದ ಅಡುಗೆಮನೆವರೆಗೆ ಆಕೆಯ ಮಾತು ತಲುಪಿತ್ತು ಅಂದಮೇಲೆ ಗುರುವಿಗೆ ಗೊತ್ತಿರಲಿಲ್ಲ ಅಂತ ನಾನಂತೂ ನಂಬಲಾರೆ. ಅದೇ ಕಾಡಿನ ರೋಕ್ಲೋಸ್ಟರ್ ಮಠದಲ್ಲೂ ಆಕೆಯ ಹಸ್ತಪ್ರತಿ ಇತ್ತು.

ಕಿಟಕಿ_ಬಾಗಿಲು:
ಜರ್ಮನ್ ಅನುಭಾವಿ ಎಕ್‌ಹಾರ್ಟ್‌ನನ್ನು ಬಿಟ್ಟೇ ಬಿಟ್ರಲ್ಲ?

ಹಳೇಹಾಳೆ:
ಬಿಟ್ಟಿಲ್ಲ. ಎಕ್‌ಹಾರ್ಟ್‌ನ ಕೆಲವು ಮಾತುಗಳನ್ನು 1329ರಲ್ಲಿ ಪೋಪ್ ಖಂಡಿಸಿದ್ದರು. ಆ ಅಡುಗೆಯವನಂತೂ ಅವನ ವಿರುದ್ಧ ಕಟುವಾಗಿ ಬರೆದಿದ್ದಾನೆ. ರೂಸ್‌ಬ್ರೂಕ್‌ಗೆ ಆ ವಿಚಾರಗಳು ಪರಿಚಯವೇ. ಆದರೆ ಒಳಗೆ ಖಾಲಿಯಾಗಿ ಸುಮ್ನೆ ಕೂತರೆ ಸಾಕು ಅನ್ನುವವರನ್ನು ಕಂಡರೆ ಆತನಿಗೆ ಆಗದು. ದೇವರು ಉಬ್ಬರವಿಳಿತದ ಸಮುದ್ರ ಅನ್ನುತ್ತಾನೆ: ಒಳಗೆ ಎಳೆದುಕೊಳ್ಳುತ್ತದೆ, ಮತ್ತೆ ಜನರ ಸೇವೆಗೆ ಹೊರಗೆ ಕಳಿಸುತ್ತದೆ.

ಕಿಟಕಿ_ಬಾಗಿಲು:
ಸರಿ. ರೂಸ್‌ಬ್ರೂಕ್‌ನಿಂದ ಮುಂದೆ?

ಹಳೇಹಾಳೆ:
ಡೆವೆಂಟರ್‌ನ ಗೇರ್ಟ್ ಗ್ರೋಟೆ ಗ್ರೂನೆಂಡಾಲ್‌ಗೆ ಬಂದು ಆತನನ್ನು ಕಂಡ, ‘ಮದುವೆ’ಯನ್ನು ಲ್ಯಾಟಿನ್‌ಗೆ ತಂದ. ಗ್ರೋಟೆ ಶುರುಮಾಡಿದ ಭಕ್ತಿಪಂಥದಲ್ಲೇ ಮುಂದೆ ‘ಕ್ರಿಸ್ತಾನುಕರಣೆ’ ಪುಸ್ತಕದ ಥಾಮಸ್ ಕೆಂಪಿಸ್ ಬಂದ. ಅಷ್ಟೊತ್ತಿಗೆ ದಿನನಿತ್ಯದ ನಡತೆಯ ಮಾತು ಜಾಸ್ತಿಯಾಗಿ, ಹಾಡೆವೈಖ್‌ಳ ಆ ಕಿಚ್ಚು ಕಮ್ಮಿಯಾಯಿತು ಅಂತ ನನ್ನ ಅನಿಸಿಕೆ. 15ನೇ ಶತಮಾನದ ಅನುಭಾವಿ ಹೆಂಡ್ರಿಕ್ ಹೆರ್ಪ್‌ನ ಬರಹದಲ್ಲಿ ರೂಸ್‌ಬ್ರೂಕ್‌ನ ಪ್ರಭಾವ ಎದ್ದು ಕಾಣುತ್ತದೆ, ಅವನನ್ನೂ ನೋಡಿ.

ಕಾಡುದಾರಿ:
ಧನ್ಯವಾದ. ‘ಮದುವೆ’ಯ ಮೂರನೇ ಭಾಗ ಇನ್ನೂ ಬಾಕಿಯಿದೆ. ಮೊದಲು 18ನೇ ಪತ್ರ ಓದಿಕೊಂಡು ಆಮೇಲೆ ಅದಕ್ಕೆ ಕೈ ಹಾಕುತ್ತೇನೆ.