ಎರಡೆಕರೆ ಚೆನ್ನಾಗಿ ಮಾಡೋದಾ, ಪಕ್ಕದ ಎಂಟೆಕರೆ ಗುತ್ತಿಗೆ ಹಿಡಿಯೋದಾ?

ಮದ್ದೂರಿನವ: ನಾಲೆ ಬಯಲಲ್ಲಿ ನಂದು 2 ಎಕರೆ. ಪಕ್ಕದವರು ಬೆಂಗಳೂರು ಸೇರ್ತಿದ್ದಾರೆ, 8 ಎಕರೆ ಗುತ್ತಿಗೆಗೆ ಕೊಡ್ತಾರಂತೆ. ಹಿಡಿದು ನೋಡಿದವರು ಹೇಳಿ.

ಹಾವೇರಿ ಹೊಲ: ಹಿಡೀಬ್ಯಾಡ್ರಿ. ನನ್ನ ಎರಡೆಕರೆದಾಗ ಎಕರೆಕ್ಕ 24 ಕ್ವಿಂಟಲ್ ಗೋವಿನಜೋಳ ತಗೀತಿದ್ದೆ. ಆಸೆ ಬಿತ್ತು, 14 ಎಕರೆ ಲಾವಣಿ (ಗುತ್ತಿಗಿ) ಹಾಕ್ಕೊಂಡೆ. ಎಕರೆಕ್ಕ 12 ಸಾವಿರ, ಬಿತ್ತೂದಕ್ಕಿಂತ ಮೊದಲೇ 1,68,000 ಎಣಿಸಿ ಕೊಟ್ಟೆ. ಬೀಜ, ಗೊಬ್ಬರ, ಆಳು ಸೇರಿ ಮತ್ತ ಎಕರೆಕ್ಕ 17 ಸಾವಿರ. ಕಳೆ ತೆಗಿಯೋ ವಾರ ಊರಾಗ ಆಳೇ ಇಲ್ಲ. ಈ ತುದಿಯಿಂದ ಔಷಧ ಹೊಡಕೋತ ಹೋಗೂದ್ರಾಗ ಆ ತುದಿಯಾಗ ಸೈನಿಕ ಹುಳ ಸುಳಿ ತಿಂದು ಹಿಕ್ಕಿ ಹಾಕಿತ್ತು. ಬಂದದ್ದು ಎಕರೆಕ್ಕ 15 ಕ್ವಿಂಟಲ್, ಕ್ವಿಂಟಲ್ ರೇಟು 2,000. ಕೈಯಾಗ ಉಳಿದದ್ದು 14 ಸಾವಿರ. ಪಹಣಿ ಮಾಲಕರ ಹೆಸರಿಗೆ, ವಿಮಾ ರೊಕ್ಕಾನೂ ಅವರಿಗೇ. ಫೋನ್ ಎತ್ತವಲ್ಲರು.

ಗೂಡಿನಮನೆ: ಕನಕಪುರದ ಕಡೆಯವಳು. ಒಂದೂವರೆ ಎಕರೆ ಹಿಪ್ಪುನೇರಳೆ, ವರ್ಷಕ್ಕೆ ಐದು ಬೆಳೆ, 100 ಮೊಟ್ಟೆಗೆ (ಒಂದು ಚಿಟ್ಟೆ ಇಟ್ಟಿದ್ದಷ್ಟೂ ಸೇರಿ ನಮ್ಮಲ್ಲಿ ಒಂದು ಮೊಟ್ಟೆ) 75 ಕೆಜಿ ರೇಷ್ಮೆ ಗೂಡು. ಹೋದ ಸಲ ಪಕ್ಕದವರು ಮೆಣಸಿನಕಾಯಿಗೆ ಔಷಧಿ ಹೊಡೆದ್ರು, ಗಾಳಿ ನಮ್ಮ ಸೊಪ್ಪಿನ ಕಡೆಗಿತ್ತು. ನಾಲ್ಕನೇ ಜ್ವರ (ಪೊರೆ ಬಿಡೋದು) ಎದ್ದ ಹುಳ ಅಷ್ಟೂ ಮಂಕರಿಯಲ್ಲಿ ತಿಪ್ಪೆಗೆ. ಆದ್ರೂ ಹೇಳ್ತೀನಿ, ಎಕರೆ ಲೆಕ್ಕದಲ್ಲಿ ನಮ್ಮಷ್ಟು ದೊಡ್ಡ ಹೊಲದವರು ತೆಗೆಯಲ್ಲ.

ಸಿಂಧನೂರು 22: ಅಕ್ಕಾರ, ಮನಿ ಮಂದಿ ಕೂಲಿ ಲೆಕ್ಕದಾಗ ಹಿಡಿದೀರೇನು? 1962ರಾಗ ಅರ್ಥಶಾಸ್ತ್ರಜ್ಞ ಅಮರ್ತ್ಯ ಸೇನ್ ಬರೆದದ್ದು ಇದನ್ನ: ಸಣ್ಣ ಹಿಡುವಳಿಯಾಗ ಎಕರೆ ಇಳುವರಿ ಜಾಸ್ತಿ ಖರೆ, ಆದ್ರ ಮನಿಯವರ ದುಡಿಮಿಗೆ ಕೂಲಿ ಕಟ್ಟಿದ್ರ ಲಾಭ ಕಾಣೂದಿಲ್ಲ. ನಂದು 22 ಎಕರೆ ನೆಲ್ಲು, ಕಟಾವು ಮಷಿನ್ ಒಂದೇ ಸಲಕ್ಕ ಮುಗಿಸ್ತದ. 2023ರಾಗ ಎರಡನೇ ಬೆಳಿಗೆ ಕಾಲುವಿ ನೀರು ಬರಲಿಲ್ಲ. ತಡಕೊಂಡೆ. ಎರಡೆಕರೆಯವ ತಡಕೊಂತಾನೇನು?

ಗೂಡಿನಮನೆ: ನಮ್ಮತ್ತೆಗೆ 68. ಹೊರಗೆ ಅವರಿಗೆ ಯಾರು ಕೂಲಿ ಕೊಡ್ತಾರೆ? ಇಲ್ಲಿ ರಾತ್ರಿ ಎರಡಕ್ಕೆದ್ದು ಹುಳಕ್ಕೆ ಸೊಪ್ಪು ಹಾಕ್ತಾರೆ. ನಿಮ್ಮ ಮಷಿನ್ ಏಳುತ್ತಾ? ಮತ್ತೆ ಆ ಸೇನ್ ಅವರಿಗೂ ಒಂದ್ಸಲ ಹುಳ ಗೂಡು ಕಟ್ಟೋ ಚಂದ್ರಿಕೆ ತೊಳೆಯೋಕೆ ಹೇಳಿ.

ಸಾಗರದ ತೋಟ: ಹಾವೇರಿಯವರೇ, ಕರಾರು ಬರೆಸಿಕೊಳ್ಳದೆ ವಿಮೆಗೆ ಅತ್ತರೆ ಹೇಗೆ?

ಹಾವೇರಿ ಹೊಲ: ಯಾವನು ಬರದು ಕೊಡ್ತಾನ್ರೀ? ಲಾವಣಿ ಕೊಡೂದೇ ಕಾನೂನಿನಾಗ ಇಲ್ಲ.

ಸಾಗರದ ತೋಟ: ಯಾಕಿಲ್ಲ ಅಂತ ನಮ್ಮನ್ನು ಕೇಳಿ. ಭೂಸುಧಾರಣೆ ಕಾಯ್ದೆಯ 1974ರ ತಿದ್ದುಪಡಿಯಲ್ಲಿ ಅಜ್ಜನ 9 ಎಕರೆ ಗದ್ದೆ ಗೇಣಿದಾರರ ಹೆಸರಿಗೆ ಹೋಯ್ತು. ಆಮೇಲೆ ಅದು ಮೂರು ಪಾಲಾಗಿ ಈಗ ಅರ್ಧ ಪಾಳು.

ಹಾವೇರಿ ಹೊಲ: ನಿಮ್ಮಜ್ಜ ಗದ್ದಿಗೆ ಇಳಿದಿದ್ರೇನು?

ಸಾಗರದ ತೋಟ: ದಿನಾ ಹೋಗ್ತಿದ್ದರು.

ಹಾವೇರಿ ಹೊಲ: ಕೊಡೆ ಹಿಡಕೊಂಡು ಬದುವಿನ ಮ್ಯಾಲೆ ನಿಂತದ್ದು ಹೋದಂಗಲ್ಲ.