ಶಟ್‌ಡೌನ್ ಕೊಟ್ಟರೆ ರೀಸ್ಟಾರ್ಟ್ ಆಗುತ್ತಿದೆ, ಯಾರಿಗಾದರೂ ಗೊತ್ತಾ?

ತೋಟದಮನೆ:

ನಮಸ್ಕಾರ. ನಮ್ಮದು ತೀರ್ಥಹಳ್ಳಿ ತಾಲ್ಲೂಕು, ಕೋಣಂದೂರಿನ ಹತ್ತಿರ. ಮನೆಯಲ್ಲಿ ಒಂದು ಹಳೇ ಡೆಸ್ಕ್‌ಟಾಪ್ ಇದೆ, ಅಂಗಡಿಯಲ್ಲಿ ಜೋಡಿಸಿ ಕೊಟ್ಟಿದ್ದು, ವಿಂಡೋಸ್ 10. ತೋಟದ ಲೆಕ್ಕ, ಮಂಡಿಯ ಪಟ್ಟಿ, ಮಗಳ ಕಾಲೇಜಿನ ಪ್ರಾಜೆಕ್ಟು ಎಲ್ಲ ಅದರಲ್ಲೇ. ಈ ಮಳೆಗಾಲದಲ್ಲಿ ಅದಕ್ಕೆ ಹೊಸ ಚಾಳಿ ಶುರುವಾಗಿದೆ. ಶಟ್‌ಡೌನ್ ಒತ್ತಿದರೆ ಮಾನಿಟರ್ ಕಪ್ಪಾಗುತ್ತದೆ, ಆದರೆ ಸಿಪಿಯು ಡಬ್ಬದ ಫ್ಯಾನ್ ತಿರುಗುತ್ತಲೇ ಇರುತ್ತದೆ, ಲೈಟೂ ಆರುವುದಿಲ್ಲ. ಆಫ್ ಆಗುತ್ತದೆ ಬಿಡು ಅಂತ ಎದ್ದು ಹೋಗಿ ವಾಪಸ್ ಬಂದರೆ ಪಾಸ್‌ವರ್ಡ್ ಕೇಳುತ್ತಾ ಕೂತಿರುತ್ತದೆ.

ಈಗ ಪವರ್ ಬಟನ್ ಒತ್ತಿ ಹಿಡಿದು ಆಫ್ ಮಾಡುತ್ತಿದ್ದೇವೆ. ಅಪ್ಪ ಅಷ್ಟೂ ಮಾಡುವುದಿಲ್ಲ, ಸೀದಾ ಯುಪಿಎಸ್ ಸ್ವಿಚ್ಚೇ ಆರಿಸಿಬಿಡುತ್ತಾರೆ. ಸಿಡಿಲಿನ ಭಯ, ರಾತ್ರಿ ಪ್ಲಗ್ ಕಿತ್ತಿಡದಿದ್ದರೆ ಅವರಿಗೆ ನಿದ್ದೆ ಬರುವುದಿಲ್ಲ.

ಇನ್ನೊಂದು ವಿಷಯ. ಮಾಳಿಗೆ ಸೋರುತ್ತಿದೆ ಅಂತ ಕಂಪ್ಯೂಟರನ್ನು ಕೆಳಗೆ ಒಳಕೋಣೆಗೆ ತಂದಿಟ್ಟಿದ್ದೇವೆ. ಅಲ್ಲಿಗೆ ಇಂಟರ್ನೆಟ್ಟಿನ ಕೇಬಲ್ ಎಟುಕುವುದಿಲ್ಲ, ಅದಕ್ಕೆ ಒಂದು ಯುಎಸ್‌ಬಿ ವೈಫೈ ಡಾಂಗಲ್ ಹಾಕಿದ್ದೇವೆ, ನೆಟ್ ಚೆನ್ನಾಗೇ ಬರುತ್ತದೆ. ಆದರೆ ಆ ಕೋಣೆಯಲ್ಲಿ ಥಂಡಿ ಜಾಸ್ತಿ, ಗೋಡೆಯ ಮೇಲೆಲ್ಲ ಬೂಷ್ಟು. ಥಂಡಿಗೆ ಮದರ್‌ಬೋರ್ಡ್ ಹೋಗಿದೆಯಾ ಅಂತ ನನ್ನ ಅನುಮಾನ. ಅಂಗಡಿಗೆ ತೋರಿಸಬೇಕೆಂದರೆ ಸಿಪಿಯು ಹೊತ್ತುಕೊಂಡು ಬಸ್ಸಿನಲ್ಲಿ ಶಿವಮೊಗ್ಗಕ್ಕೆ ಹೋಗಬೇಕು, ಈ ಮಳೆಯಲ್ಲಿ ಅದಕ್ಕಿಂತ ಮೆಷಿನ್ ಹಾಳಾಗುವುದೇ ವಾಸಿ. ಮನೆಯಲ್ಲೇ ಏನಾದರೂ ನೋಡಬಹುದಾ?

ಜೋಗದಹಾದಿ:

ಸುಮ್ನೆ ತಲೆ ಕೆಡಿಸಿಕೊಳ್ಳಬೇಡಿ. ಫಾರ್ಮ್ಯಾಟ್ ಮಾಡಿಸಿ, ಮುಗಿಯಿತು. ಹೇಗೂ ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟಿನ ಮಾಮೂಲಿ ಸಪೋರ್ಟ್ 2025ರ ಅಕ್ಟೋಬರ್ 14ಕ್ಕೇ ನಿಂತಿದೆ. ಒಂದೇ ಸಲಕ್ಕೆ 11 ಹಾಕಿಸಿಬಿಡಿ.

ಕೀಲಿಮಣೆ:

ಫಾರ್ಮ್ಯಾಟ್ ಕಡೆಯ ಮಾತು ಮಾರಾಯ್ರೆ. ಹಳೇ ಮೆಷಿನ್ ಅಂದಿದ್ದಾರೆ, 11 ಕೇಳುವ ಟಿಪಿಎಂ 2.0 ಅನ್ನುವ ಭದ್ರತಾ ಚಿಪ್ ಅದರಲ್ಲಿ ಇದೆಯೋ ಇಲ್ಲವೋ. ಎಲ್ಲ ಅಳಿಸಿ ಹೊಸದಾಗಿ ಹಾಕಿ, ಮತ್ತೆ ಅದೇ ಡ್ರೈವರ್ (ಒಂದೊಂದು ಸಾಧನವನ್ನು ವಿಂಡೋಸ್ ಜೊತೆ ಮಾತಾಡಿಸುವ ಸಾಫ್ಟ್‌ವೇರ್) ತುಂಬಿದರೆ ಅದೇ ಕಾಟ ಬರುತ್ತದೆ. ಮಂಡಿ ಲೆಕ್ಕ ಹೋದರೆ ಯಾರು ಕೊಡುತ್ತಾರೆ?

ತೋಟದಮನೆಯವರೇ, ಮೊದಲು ಒಂದು ವಿಷಯ ತೀರ್ಮಾನ ಆಗಬೇಕು. ಮೆಷಿನ್ ನಿಜವಾಗಿ ಆಫ್ ಆಗಿ ಮತ್ತೆ ಆನ್ ಆಗುತ್ತಿದೆಯಾ, ಇಲ್ಲಾ ಆಫ್ ಆಗುವ ಮುಂಚೆಯೇ ಒಳಗೆ ಬಿದ್ದು ಎದ್ದು ಬರುತ್ತಿದೆಯಾ? ಹೊರಗಿನಿಂದ ನೋಡಿದರೆ ಎರಡೂ ಒಂದೇ ಥರ ಕಾಣುತ್ತದೆ, ಒಳಗಿನ ಕಾರಣ ಮಾತ್ರ ಬೇರೆ ಬೇರೆ. ಫ್ಯಾನ್ ಪೂರ್ತಿ ನಿಂತು, ಲೈಟ್ ಆರಿ, ಆಮೇಲೆ ಶುರುವಾದರೆ ಯಾರೋ ಎಬ್ಬಿಸುತ್ತಿದ್ದಾರೆ ಅಂತ ಅರ್ಥ. ಲ್ಯಾನ್ ಕಾರ್ಡ್ ಇರಬಹುದು, ಕೀಬೋರ್ಡ್ ಇರಬಹುದು, ಬಯೋಸ್ (ವಿಂಡೋಸ್‌ಗೂ ಮುಂಚೆ ಓಡುವ ಮದರ್‌ಬೋರ್ಡಿನ ಸಾಫ್ಟ್‌ವೇರ್) ಸೆಟ್ಟಿಂಗ್ ಇರಬಹುದು. ಫ್ಯಾನ್ ನಿಲ್ಲದೇ ಶುರುವಾದರೆ ಬಹುತೇಕ ಯಾವುದೋ ಡ್ರೈವರ್ ಕೈಕೊಟ್ಟು ವಿಂಡೋಸ್ ಕುಸಿದಿದೆ. ಕುಸಿದ ಕೂಡಲೇ ತಾನೇ ರೀಸ್ಟಾರ್ಟ್ ಆಗಬೇಕು ಅಂತ ವಿಂಡೋಸ್‌ನಲ್ಲಿ ಮೊದಲಿಂದಲೇ ಟಿಕ್ ಹಾಕಿರುತ್ತದೆ. ಹಾಗಾಗಿ ಕುಸಿದಾಗ ಬರುವ ನೀಲಿ ಪರದೆ ನಿಮಗೆ ಕಾಣುವುದೇ ಇಲ್ಲ, ಕಂಡರೂ ಒಂದು ಕ್ಷಣ.

ನೀವು ಫ್ಯಾನ್ ತಿರುಗುತ್ತಲೇ ಇರುತ್ತದೆ ಅಂದಿದ್ದೀರಿ. ಅದು ಎರಡನೇ ಕಡೆಗೇ ಕೈ ತೋರಿಸುತ್ತದೆ. ಥಂಡಿಗೆ ಮದರ್‌ಬೋರ್ಡ್ ಹೋಗಿದ್ದರೆ ಶಟ್‌ಡೌನ್ ಹೊತ್ತಿಗೆ ಮಾತ್ರ ಯಾಕೆ ಕಾಟ ಕೊಡಬೇಕು, ಕೆಲಸ ಮಾಡುವಾಗಲೂ ಕೊಡಬೇಕಲ್ವಾ?

ಇಷ್ಟು ಮಾಡಿ. ವಿಂಡೋಸ್ ಕೀಲಿಯ ಜೊತೆ ಆರ್ ಒತ್ತಿ, ಬರುವ ಪೆಟ್ಟಿಗೆಯಲ್ಲಿ ಎಸ್‌ವೈಎಸ್‌ಡಿಎಂ ಡಾಟ್ ಸಿಪಿಎಲ್ ಅಂತ ಇಂಗ್ಲಿಷಿನಲ್ಲಿ ಹೊಡೆಯಿರಿ. ಅಡ್ವಾನ್ಸ್‌ಡ್ ಟ್ಯಾಬ್‌ಗೆ ಹೋಗಿ, ಅಲ್ಲಿ ಕೆಳಗೆ ಸ್ಟಾರ್ಟಪ್ ಆ್ಯಂಡ್ ರಿಕವರಿ ಅಂತ ಇದೆ, ಅದರ ಸೆಟ್ಟಿಂಗ್ಸ್ ಒತ್ತಿ. ಆಟೋಮ್ಯಾಟಿಕಲಿ ರೀಸ್ಟಾರ್ಟ್ ಅನ್ನುವ ಟಿಕ್ ತೆಗೆಯಿರಿ. ಇದರಿಂದ ರೋಗ ವಾಸಿ ಆಗುವುದಿಲ್ಲ, ಆದರೆ ಏನು ರೋಗ ಅಂತ ಕಾಣುತ್ತದೆ. ಮುಂದಿನ ಸಲ ನೀಲಿ ಪರದೆ ಹಾಗೇ ನಿಂತಿರುತ್ತದೆ, ಮೊಬೈಲಿನಲ್ಲಿ ಫೋಟೋ ತೆಗೆದು ಅದರಲ್ಲಿ ಸ್ಟಾಪ್ ಕೋಡ್ ಏನು ಬರೆದಿದೆ ಹೇಳಿ.

ಆಮೇಲೆ ಸ್ಟಾರ್ಟ್ ಬಟನ್ ಮೇಲೆ ರೈಟ್ ಕ್ಲಿಕ್ ಮಾಡಿ ಈವೆಂಟ್ ವ್ಯೂವರ್ ತೆರೆಯಿರಿ, ವಿಂಡೋಸ್ ಲಾಗ್ಸ್ ಒಳಗೆ ಸಿಸ್ಟಮ್. ಶಟ್‌ಡೌನ್ ಕೊಟ್ಟ ಹೊತ್ತಿನ ಸಾಲುಗಳನ್ನು ನೋಡಿ. ಈವೆಂಟ್ ಐಡಿ ಅನ್ನುವ ಕಡೆ 1074 ಇದ್ದರೆ ಅದರಲ್ಲಿ ನೀವು ಕೊಟ್ಟ ಆಜ್ಞೆ ಪವರ್ ಆಫೋ ರೀಸ್ಟಾರ್ಟೋ ಅಂತ ಬರೆದಿರುತ್ತದೆ. 41 ಅಥವಾ 6008 ಇದ್ದರೆ ಸರಿಯಾಗಿ ಆಫ್ ಆಗಿಲ್ಲ ಅಂತಷ್ಟೇ ಅರ್ಥ, ನಿಮ್ಮ ತಂದೆಯವರು ಯುಪಿಎಸ್ ಆರಿಸಿದಾಗಲೂ ಅವೇ ಬರುತ್ತವೆ, ಅದನ್ನು ನೋಡಿ ಗಾಬರಿ ಬೇಡ. ನಮಗೆ ಬೇಕಾದದ್ದು ಬಗ್‌ಚೆಕ್ ಹೆಸರಿನ 1001.

ಮಳೆಹುಳ:

ಕೀಲಿಮಣೆ ಹೇಳಿದ್ದು ಸರಿ, ಆದರೂ ಥಂಡಿಯನ್ನು ಅಷ್ಟು ಹಗುರವಾಗಿ ಬಿಡಬೇಡಿ. ನಾನು ಆಗುಂಬೆ ರಸ್ತೆಯ ಕಡೆಯವನು, ಇಲ್ಲಿ ಜುಲೈನಲ್ಲಿ ಬಟ್ಟೆ ಒಣಗುವುದಿಲ್ಲ, ಕಂಪ್ಯೂಟರ್ ಒಣಗುತ್ತದಾ? ಡಬ್ಬದ ಮುಂದಿನ ಪವರ್ ಬಟನ್ ಅಂದರೆ ಒಳಗೆ ಒಂದು ಸಣ್ಣ ಸ್ವಿಚ್, ಎರಡು ವಯರ್. ಅದಕ್ಕೆ ತುಕ್ಕು, ಧೂಳು ಸೇರಿ ಅಂಟಿಕೊಂಡರೆ ಆಫ್ ಆದ ಮೆಷಿನ್ ತಾನೇ ಆನ್ ಆಗುತ್ತದೆ. ಪರೀಕ್ಷೆ ಸುಲಭ. ಮೆಷಿನ್ ಆನ್ ಮಾಡಿದ ಮೇಲೆ ಮದರ್‌ಬೋರ್ಡಿನಿಂದ ಆ ಸ್ವಿಚ್ಚಿನ ವಯರ್ ಕಿತ್ತು, ಮೌಸ್‌ನಿಂದ ಶಟ್‌ಡೌನ್ ಕೊಡಿ. ಆಗ ಸುಮ್ಮನೆ ಆಫ್ ಆದರೆ ಸ್ವಿಚ್ಚೇ ಕಳ್ಳ. ಕೈ ಒದ್ದೆ ಇರಬಾರದು, ಮೊದಲು ಡಬ್ಬದ ಕಬ್ಬಿಣ ಮುಟ್ಟಿ. ಡಬ್ಬ ಬಿಚ್ಚಿ ಅಭ್ಯಾಸ ಇಲ್ಲದಿದ್ದರೆ ಇದನ್ನು ಬಿಟ್ಟುಬಿಡಿ.

ಅಪ್ಪನವರು ರಾತ್ರಿ ಪ್ಲಗ್ ಕೀಳುತ್ತಾರೆ ಅಂದಿರಲ್ಲ, ಅದು ಮಾತ್ರ ಒಳ್ಳೇದು, ಬಿಡಿಸಬೇಡಿ. ನಮ್ಮಲ್ಲಿ ಹಾಗೇ ಬಿಟ್ಟು ಮಲಗಿ, ನಡುರಾತ್ರಿ ಕರೆಂಟ್ ಬಂದದ್ದೇ ತಡ ಕಂಪ್ಯೂಟರ್ ತಾನೇ ಎದ್ದು ಫ್ಯಾನ್ ಸದ್ದು ಮಾಡಲು ಶುರು. ಅಜ್ಜಿಗೆ ದೆವ್ವದ ಅನುಮಾನ. ಬಯೋಸ್‌ನಲ್ಲಿ ರಿಸ್ಟೋರ್ ಆನ್ ಎಸಿ ಪವರ್ ಲಾಸ್ ಅಂತ ಒಂದು ಸೆಟ್ಟಿಂಗ್ ಇರುತ್ತದೆ, ಅದು ಪವರ್ ಆನ್ ಅಂತ ಇತ್ತು. ಆಫ್‌ಗೆ ಬದಲಾಯಿಸಿದ ಮೇಲೆ ದೆವ್ವ ಓಡಿತು.

ಹೊಳೆಬಾಗಿಲು:

ಆಫೀಸಿನ ಲ್ಯಾಪ್‌ಟಾಪ್ ಇದ್ದವರು ಇದನ್ನೂ ನೆನಪಿಡಿ. 2026ರ ಜನವರಿ 13ರ ಅಪ್‌ಡೇಟ್ ಹಾಕಿಕೊಂಡ ಮೇಲೆ, ಸೆಕ್ಯೂರ್ ಲಾಂಚ್ ಅನ್ನುವ ಭದ್ರತಾ ಸೌಲಭ್ಯ ಆನ್ ಇದ್ದ ಕೆಲವು ವಿಂಡೋಸ್ 11 23ಎಚ್2 ಆವೃತ್ತಿಯ ಮೆಷಿನ್‌ಗಳಿಗೆ ಇದೇ ಕಾಟ ಬಂದಿತ್ತು. ಶಟ್‌ಡೌನ್ ಕೊಟ್ಟರೆ ರೀಸ್ಟಾರ್ಟ್. ಮೈಕ್ರೋಸಾಫ್ಟ್ ಕೆಲವೇ ದಿನದಲ್ಲಿ ಬೇರೆ ಅಪ್‌ಡೇಟ್ ಕೊಟ್ಟು ಸರಿಮಾಡಿತು.

ಕೀಲಿಮಣೆ:

ಹೌದು, ಆದರೆ ಅದು ಹೆಚ್ಚಾಗಿ ಕಂಪನಿಗಳ ಎಂಟರ್‌ಪ್ರೈಸ್ ಮೆಷಿನ್‌ಗಳ ಕಥೆ. ಇವರದು ಹಳೇ ಮನೆ ಮೆಷಿನ್, ಇಲ್ಲಿ ಅದು ಇರಲಿಕ್ಕಿಲ್ಲ.

ತೋಟದಮನೆ:

ತಡವಾಯಿತು, ಕ್ಷಮಿಸಿ. ಮಳೆ ಸ್ವಲ್ಪ ಹೊಳವಾಗಿತ್ತು, ಅಡಿಕೆಗೆ ಕೊಳೆರೋಗದ ಔಷಧಿ ಹೊಡೆಯಲು ಕೊನೆಗೌಡರು (ಮರ ಹತ್ತುವವರು) ಸಿಕ್ಕರು, ಅವರು ಸಿಕ್ಕಾಗ ಕಂಪ್ಯೂಟರ್ ಯಾರಿಗೆ ಬೇಕು.

ಟಿಕ್ ತೆಗೆದು ಶಟ್‌ಡೌನ್ ಕೊಟ್ಟು ಈ ಸಲ ಎದುರಿಗೇ ಕೂತು ನೋಡಿದೆ. ಫ್ಯಾನ್ ನಿಲ್ಲಲೇ ಇಲ್ಲ. ಸುಮಾರು ಹೊತ್ತು ಕಪ್ಪು, ಆಮೇಲೆ ನೀಲಿ ಪರದೆ. ಸ್ಟಾಪ್ ಕೋಡ್ ಡ್ರೈವರ್ ಪವರ್ ಸ್ಟೇಟ್ ಫೇಲ್ಯೂರ್ ಅಂತ ಇದೆ. ಈವೆಂಟ್ ವ್ಯೂವರ್‌ನಲ್ಲಿ 1001 ಸಾಲುಗಳು ಒಂದರ ಕೆಳಗೆ ಒಂದು ಇವೆ, ಎಲ್ಲದರಲ್ಲೂ ಕೊನೆಗೆ 9ಎಫ್ ಇರುವ ಸಂಖ್ಯೆ. ಮೊದಲನೆಯದು ಕಂಪ್ಯೂಟರ್ ಕೆಳಗೆ ತಂದ ವಾರದ್ದೇ. ಹಾಗಾದರೆ ಥಂಡಿಯೇ ಅಲ್ವಾ?

ಕೀಲಿಮಣೆ:

ಅದೇ ವಾರ ಇನ್ನೇನು ಹೊಸದು ಬಂತು ಯೋಚಿಸಿ. ಡಾಂಗಲ್!

9ಎಫ್ ಅಂದರೆ ಇದು. ಆಫ್ ಆಗುವಾಗ ವಿಂಡೋಸ್ ಪ್ರತಿ ಡ್ರೈವರ್‌ಗೂ ನಿನ್ನ ಸಾಧನವನ್ನು ಮಲಗಿಸು ಅಂತ ಹೇಳುತ್ತದೆ. ಎಲ್ಲರೂ ಆಯಿತು ಅನ್ನಬೇಕು. ಒಬ್ಬ ಉತ್ತರ ಕೊಡದಿದ್ದರೆ ಸ್ವಲ್ಪ ಹೊತ್ತು ಕಾದು, ಅವಧಿ ಮುಗಿದ ಮೇಲೆ ವಿಂಡೋಸ್ ಕೈಚೆಲ್ಲಿ ನೀಲಿ ಪರದೆ ಹಾಕುತ್ತದೆ. ನೀವು ನೋಡುತ್ತಿರುವ ಕಪ್ಪು ಪರದೆಯ ಹೊತ್ತು ಅದೇ ಕಾಯುವ ಹೊತ್ತು. ಅಗ್ಗದ ವೈಫೈ ಡಾಂಗಲ್ ಜೊತೆ ಬರುವ ಹಳೇ ಡ್ರೈವರ್‌ಗಳು ಇದರಲ್ಲಿ ಎತ್ತಿದ ಕೈ. ನೆಟ್ ಚೆನ್ನಾಗಿ ಬಂದರೂ ಮಲಗುವಾಗ ಮೊಂಡಾಟ.

ಡಾಂಗಲ್ ಕಿತ್ತು ಒಂದು ಸಲ ಪೂರ್ತಿ ರೀಸ್ಟಾರ್ಟ್ ಮಾಡಿ, ಆಮೇಲೆ ಶಟ್‌ಡೌನ್ ಕೊಡಿ. ಆಫ್ ಆದರೆ ಕಳ್ಳ ಸಿಕ್ಕ ಹಾಗೆ. ಆಮೇಲೆ ಅದನ್ನು ವಾಪಸ್ ಚುಚ್ಚಿ, ಡಿವೈಸ್ ಮ್ಯಾನೇಜರ್‌ನಲ್ಲಿ ನೆಟ್‌ವರ್ಕ್ ಅಡಾಪ್ಟರ್ಸ್ ಕೆಳಗೆ ಡಾಂಗಲ್ ಹೆಸರಿನ ಮೇಲೆ ರೈಟ್ ಕ್ಲಿಕ್, ಅನ್‌ಇನ್‌ಸ್ಟಾಲ್. ಡ್ರೈವರ್ ಸಾಫ್ಟ್‌ವೇರ್ ಕೂಡ ಅಳಿಸು ಅನ್ನುವ ಟಿಕ್ ಇರುತ್ತದೆ, ಅದನ್ನು ಹಾಕಲೇಬೇಕು, ಇಲ್ಲದಿದ್ದರೆ ವಿಂಡೋಸ್ ಅದೇ ಹಳೇದನ್ನು ಹುಡುಕಿ ತರುತ್ತದೆ. ಹೊಸ ಡ್ರೈವರನ್ನು ವಿಂಡೋಸ್ ಅಪ್‌ಡೇಟ್‌ನಿಂದಲೋ ತಯಾರಕರ ಸೈಟಿನಿಂದಲೋ ತೆಗೆದುಕೊಳ್ಳಿ. ಡಬ್ಬಿಯೊಳಗಿನ ಸಿಡಿ ಬೇಡ.

ಇನ್ನೊಂದು ಕೆಲಸ. ಫಾಸ್ಟ್ ಸ್ಟಾರ್ಟಪ್ ಆಫ್ ಮಾಡಿ. ವಿಂಡೋಸ್ 8ರಿಂದ ಶಟ್‌ಡೌನ್ ಅನ್ನುವುದು ಪೂರ್ತಿ ಶಟ್‌ಡೌನ್ ಅಲ್ಲ. ವಿಂಡೋಸ್‌ನ ಒಳಭಾಗವನ್ನೂ ಡ್ರೈವರ್‌ಗಳ ಸ್ಥಿತಿಯನ್ನೂ ಡಿಸ್ಕಿಗೆ ಬರೆದಿಟ್ಟು, ಮಾರನೇ ದಿನ ಅದನ್ನೇ ಎತ್ತಿಕೊಳ್ಳುತ್ತದೆ. ಕೆಟ್ಟ ಸ್ಥಿತಿಯಲ್ಲಿ ಬರೆದಿಟ್ಟರೆ ಕೆಟ್ಟದ್ದೇ ವಾಪಸ್ ಬರುತ್ತದೆ. ಕಂಟ್ರೋಲ್ ಪ್ಯಾನೆಲ್, ಪವರ್ ಆಪ್ಷನ್ಸ್, ಪವರ್ ಬಟನ್ ಏನು ಮಾಡಬೇಕು ಅನ್ನುವ ಪುಟದಲ್ಲಿ ಅದರ ಟಿಕ್ ಇದೆ. ಮಸುಕಾಗಿ ಕಂಡರೆ ಮೇಲಿರುವ ನೀಲಿ ಅಕ್ಷರದ ಸಾಲು ಒತ್ತಿ, ಆಗ ತೆರೆಯುತ್ತದೆ. ಬೂಟ್ ಆಗಲು ಸ್ವಲ್ಪ ಜಾಸ್ತಿ ಹೊತ್ತು ಹಿಡಿಯುತ್ತದೆ ಅಷ್ಟೇ.

ತೋಟದಮನೆ:

ಡಾಂಗಲ್ ಕಿತ್ತ ಮೇಲೆ ಸಲೀಸಾಗಿ ಆಫ್ ಆಯಿತು! ಹೊಸ ಡ್ರೈವರ್ ಹಾಕಿ ಡಾಂಗಲ್ ಜೊತೆಗೂ ನೋಡಿದೆ, ಆಫ್ ಆಗುತ್ತಿದೆ. ಫಾಸ್ಟ್ ಸ್ಟಾರ್ಟಪ್ಪೂ ತೆಗೆದಿದ್ದೇನೆ. ಹಳೇ ಹಾರ್ಡ್ ಡಿಸ್ಕ್, ಶುರುವಾಗುವಷ್ಟರಲ್ಲಿ ಕಾಫಿ ಮುಗಿಯುತ್ತದೆ, ಪರವಾಗಿಲ್ಲ. ಆ ಆಟೋಮ್ಯಾಟಿಕಲಿ ರೀಸ್ಟಾರ್ಟ್ ಟಿಕ್ ವಾಪಸ್ ಹಾಕಬೇಕಾ?

ಕೀಲಿಮಣೆ:

ಈ ಮಳೆಗಾಲ ಕಳೆಯುವ ತನಕ ಹಾಗೇ ಇರಲಿ, ಮತ್ತೆ ಏನಾದರೂ ಕುಸಿದರೆ ಕಣ್ಣಿಗೆ ಕಾಣುತ್ತದೆ. ಮನೆ ಮೆಷಿನ್‌ಗೆ ಅದು ಆಫ್ ಇದ್ದರೆ ತೊಂದರೆ ಇಲ್ಲ. ಅಪ್ಪನವರಿಗೆ ಮಾತ್ರ ಹೇಳಿ, ಫ್ಯಾನ್ ನಿಂತ ಮೇಲೆಯೇ ಯುಪಿಎಸ್ ಆರಿಸಬೇಕು. ಆ ಹಳೇ ಡಿಸ್ಕಿನಲ್ಲಿರುವ ಮಂಡಿ ಲೆಕ್ಕವನ್ನು ಇವತ್ತೇ ಒಂದು ಪೆನ್‌ಡ್ರೈವ್‌ಗೆ ಹಾಕಿಡಿ.